ಋತುವಿಗೆ ಸಣ್ಣಕ್ಷರ, ತಿಂಗಳಿಗೆ ದೊಡ್ಡಕ್ಷರ

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳೆಂಬ ಭೇದವಿಲ್ಲ. ಆದ್ದರಿಂದ ಇಂಗ್ಲಿಷಿನಲ್ಲಿ ಉದ್ಯೋಗದ ಅರ್ಜಿ ಬರೆಯುವಾಗ ಯಾವ ಪದವನ್ನು ಕ್ಯಾಪಿಟಲ್ ಅಕ್ಷರದಿಂದ ಆರಂಭಿಸಬೇಕೆಂಬ ಗೊಂದಲ ಸಹಜ. ನಮ್ಮ ವ್ಯಾಕರಣದ ರೂಢನಾಮ, ಅಂಕಿತನಾಮಗಳ ವಿಂಗಡಣೆಯೇ ಇಲ್ಲಿ ನೆರವಿಗೆ ಬರುತ್ತದೆ.

ಸ್ಪ್ರಿಂಗ್, ಸಮ್ಮರ್, ಆಟಮ್, ವಿಂಟರ್ ಎಂಬ ಋತುವಾಚಕಗಳನ್ನು ಇಂಗ್ಲಿಷ್ ರೂಢನಾಮಗಳೆಂದೇ ಪರಿಗಣಿಸುತ್ತದೆ. ವಾಕ್ಯದ ನಡುವೆ ಅವಕ್ಕೆ ಸಣ್ಣಕ್ಷರವೇ ಸರಿ. ಮಂಡೇ, ಮಾರ್ಚ್, ದೀಪಾವಳಿ ಮುಂತಾದ ವಾರ, ತಿಂಗಳು, ಹಬ್ಬಗಳ ಹೆಸರುಗಳು ಅಂಕಿತನಾಮಗಳು. ಅವಕ್ಕೆ ದೊಡ್ಡಕ್ಷರ ಬೇಕು. ಋತುವಾಚಕವು ವಿಶಿಷ್ಟ ಹೆಸರೊಂದರ ಭಾಗವಾದಾಗಲೂ ದೊಡ್ಡಕ್ಷರವೇ: ವಿಂಟರ್ ಒಲಿಂಪಿಕ್ಸ್, 1968ರ ಪ್ರಾಗ್ ಸ್ಪ್ರಿಂಗ್.

ದಿಕ್ಕುಗಳಿಗೂ ಇದೇ ಸೂತ್ರ. ಬರಿಯ ದಿಕ್ಕನ್ನು ಸೂಚಿಸುವ ಸೌತ್ ಸಣ್ಣಕ್ಷರದ್ದು. ಸೌತ್ ಕೊರಿಯಾ ದೊಡ್ಡಕ್ಷರದ್ದು. ಅಧ್ಯಯನ ವಿಷಯಗಳಲ್ಲಿ ಹಿಸ್ಟರಿ, ಫಿಸಿಕ್ಸ್ ಸಾಮಾನ್ಯವಾಗಿ ಸಣ್ಣಕ್ಷರದವು. ಭಾಷೆಗಳಾದ ಇಂಗ್ಲಿಷ್, ಕನ್ನಡ ಸದಾ ದೊಡ್ಡಕ್ಷರದವು. ‘ಮೈ ಮದರ್’ ಎಂಬಲ್ಲಿ ಮದರ್ ರೂಢನಾಮ. ತಾಯಿಯನ್ನು ಹೆಸರಿಗೆ ಬದಲಾಗಿ ಮದರ್ ಎಂದು ಕರೆದರೆ ದೊಡ್ಡಕ್ಷರ.

ಪದದ ಮೇಲಿನ ಗೌರವವಾಗಲಿ, ಅದರ ಮಹತ್ವವಾಗಲಿ ಇಲ್ಲಿ ಕಾರಣವಲ್ಲ. ಹೆಸರು ಸಾಮಾನ್ಯ ಪದವಾಗಿ ಬಳಕೆಗೆ ಬಂದರೆ ಅಕ್ಷರವೂ ಬದಲಾಗಬಹುದು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು 2016ರಲ್ಲಿ ಇಂಟರ್‌ನೆಟ್ ಪದವನ್ನು ಸಣ್ಣಕ್ಷರಕ್ಕೆ ಬದಲಿಸಿದ್ದು ಇದಕ್ಕೆ ನಿದರ್ಶನ.