ಗುಬ್ಬಿ ವೀರಣ್ಣನವರ ಮೊದಲ ದಿನಗಳು

ಇಬ್ರಾದಲ್ಲಿ ನಾವು ನಾಟಕ ಆಡಬೇಕೆಂದಾಗಲೆಲ್ಲ ಏಳುವ ಮೊದಲ ಪ್ರಶ್ನೆ: ಹೆಣ್ಣು ಪಾತ್ರಕ್ಕೆ ಯಾರು? ಗಂಡಸರೇ ಸೀರೆ ಉಡುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯನ್ನು ಧೈರ್ಯವಾಗಿ ಎದುರಿಸಿದವರಲ್ಲಿ ಗುಬ್ಬಿ ವೀರಣ್ಣನವರು ಪ್ರಮುಖರು.

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಚಂದಣ್ಣನವರು ಗೆಳೆಯರೊಡನೆ 1884ರಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಕಟ್ಟಿದರು. 1891ರಲ್ಲಿ ಹುಟ್ಟಿದ ವೀರಣ್ಣ ಎಳೆಯ ವಯಸ್ಸಿನಲ್ಲೇ ಅಲ್ಲಿ ಬಣ್ಣ ಹಚ್ಚಿದರು. 1917ರಲ್ಲಿ ಕಂಪನಿಯೇ ಅವರ ಕೈಗೆ ಬಂತು. ಒಡೆಯರಾದ ಮೇಲೂ ರಾಜನ ವೇಷಕ್ಕೆ ಆಸೆಪಡದೆ ‘ಸದಾರಮೆ’ಯ ಕಳ್ಳನಾಗಿ ಜನರನ್ನು ನಗಿಸಿದ್ದು ನಮಗೆ ಬಹಳ ಮೆಚ್ಚುಗೆ.

ನಾಟಕಕ್ಕೆ ಸೇರಿದ ಹೆಣ್ಣನ್ನು ಊರು ಹಗುರವಾಗಿ ಕಾಣುತ್ತಿದ್ದಾಗ ಅವರು ನಟಿಯರಿಗೆ ಜಾಗ ಕೊಟ್ಟರು. ಪತ್ನಿ ಬಿ. ಜಯಮ್ಮನವರು ರಂಗದಲ್ಲೂ ಸಿನಿಮಾದಲ್ಲೂ ಹೆಸರಾದರು. 1934ರ ‘ಕುರುಕ್ಷೇತ್ರ’ಕ್ಕಂತೂ ನಿಜವಾದ ಆನೆ, ಕುದುರೆಗಳೇ ರಂಗದ ಮೇಲೆ ಬಂದವು. (ನಮ್ಮ ಖಜಾಂಚಿಯವರು ಇದನ್ನು ಓದದಿರಲಿ!)

ತಂದೆ ಪುಟ್ಟಸ್ವಾಮಯ್ಯನವರೊಡನೆ ಇದೇ ಕಂಪನಿಗೆ ಬಂದ ಹುಡುಗ ಮುತ್ತುರಾಜ, 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು. ವೀರಣ್ಣನವರಿಗೆ ಪದ್ಮಶ್ರೀ ಬಂದದ್ದು 1972ರಲ್ಲಿ. ಅದೇ ವರ್ಷ ತೀರಿಕೊಂಡರು. ಅವರ ಆತ್ಮಕಥೆ ‘ಕಲೆಯೇ ಕಾಯಕ’. ರಜೆಗೆ ಊರಿಗೆ ಹೋಗುವವರು ಯಾರಾದರೂ ಒಂದು ಪ್ರತಿ ತಂದರೆ ಸರದಿಯಲ್ಲಿ ಓದೋಣ.