ಕೊಡವ ಒಕ್ಕಗಳ ಹಾಕಿ ಉತ್ಸವದ ಮೊದಲ ವರ್ಷಗಳು

ಪಿರಿಯಾಪಟ್ಟಣದ ಗಡಿಯನ್ನು ದಾಟಿ ಪಶ್ಚಿಮಕ್ಕೆ ನಡೆದರೆ ಕೊಡಗು ತೊಡಗುವುದು. ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ಸೀಮೆಯಲ್ಲಿ ಗರಡಿಯ ಜಟ್ಟಿಯು ತನ್ನೊಬ್ಬನ ಭುಜಬಲವನ್ನು ಮೆರೆಯುವನು. ಕೊಡಗಿನಲ್ಲಿ 1997ರಲ್ಲಿ ಆರಂಭವಾದ ಹಾಕಿ ಉತ್ಸವದಲ್ಲಾದರೋ ಕಣಕ್ಕಿಳಿಯುವುದು ವ್ಯಕ್ತಿಯಲ್ಲ, ಕ್ರೀಡಾಸಂಘವೂ ಅಲ್ಲ, ಒಕ್ಕವೇ.

ಒಬ್ಬ ಮೂಲಪುರುಷನಿಂದಿಳಿದು, ಒಂದೇ ಮನೆಹೆಸರನ್ನು ಧರಿಸಿ, ಐನ್‌ಮನೆಯನ್ನು ಮೂಲಸ್ಥಾನವಾಗಿ ಉಳ್ಳ ಪಿತೃವಂಶವೇ ಒಕ್ಕವು. ಇದನ್ನು ಗೋತ್ರದೊಡನೆ ಸಮೀಕರಿಸುವ ವಾಡಿಕೆಯುಂಟು. ಅದು ಸಮಂಜಸವಾಗಿ ತೋರದು. ನಮ್ಮಲ್ಲಿ ಗೋತ್ರವು ಸಂಕಲ್ಪದಲ್ಲಿಯೂ ವಿವಾಹನಿರ್ಣಯದಲ್ಲಿಯೂ ಉಚ್ಚರಿತವಾಗುವುದು, ಅಷ್ಟೆ. ಒಕ್ಕಕ್ಕಾದರೆ ಮನೆಯುಂಟು, ಜಮ್ಮಾ ನೆಲವುಂಟು, ಕಾರಣವರೆಂಬ ಪೂರ್ವಿಕರ ಆರಾಧನೆಯುಂಟು.

ಆದರೆ ಸೇನೆಗೂ ನಗರೋದ್ಯೋಗಗಳಿಗೂ ತೆರಳಿದವರು ಐನ್‌ಮನೆಯ ಅಂಗಳವನ್ನು ಮರೆತರೆ ಒಕ್ಕವು ಹೆಸರಾಗಿ ಮಾತ್ರ ಉಳಿದೀತು. ಚದುರಿದ ಬಂಧುಗಳನ್ನು ಒಂದುಗೂಡಿಸುವ ಉದ್ದೇಶದಿಂದ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಮೊದಲ ಉತ್ಸವವನ್ನು ನಡೆಯಿಸಿದರು. 60 ಒಕ್ಕಗಳು ಕೂಡಿದುವು. ಮರುವರ್ಷ ಕೋಡಿರ ಒಕ್ಕವು ಕಡಂಗದಲ್ಲಿ ನಡೆಯಿಸಿದಾಗ ಸಂಖ್ಯೆಯು 116ಕ್ಕೇರಿತು. ವರ್ಷಕ್ಕೊಂದು ಒಕ್ಕವು ಭಾರವನ್ನು ಹೊರುವುದು, ಆ ವರ್ಷದ ಕಪ್ಪಿಗೆ ಅದರ ಹೆಸರನ್ನೇ ಇಡುವುದು ಪದ್ಧತಿಯಾಯಿತು.

ಇಲ್ಲಿ ವಿಚಾರಾರ್ಹವಾದ ಅಂಶವೊಂದುಂಟು. ಆಟಗಾರರನ್ನು ಒಕ್ಕದಿಂದಲೇ ಆರಿಸಬೇಕಾದುದರಿಂದ, ಹಿರಿಯರೂ ಕಿರಿಯರೂ ಸ್ತ್ರೀಯರೂ ಪುರುಷರೊಡನೆ ಒಂದೇ ತಂಡದಲ್ಲಿ ಆಡುವರು. ಕುಲವನ್ನು ಪುರುಷರಿಂದಲೇ ಎಣಿಸುವ ಸಮಾಜದಲ್ಲಿ ಮಗಳೂ ಕುಲದ ಹೆಸರಿನಲ್ಲಿ ಕೋಲು ಹಿಡಿದಳೆಂಬುದು, ಗೆದ್ದವರಾರೆಂಬುದಕ್ಕಿಂತ ಗಣನೀಯವೆಂದು ನನ್ನ ಮತ. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಒಕ್ಕವು ನಡೆಯಿಸಿದ ಉತ್ಸವಕ್ಕೆ 360 ತಂಡಗಳು ಬಂದುವು.