ಕುದುರೆ, ಹತ್ತಿ, ಮನೂಕ: ವಿಜಯಪುರ ಸೀಮೆಯ ಸುಂಕದ ಚರಿತ್ರೆ

ವಿಜಯಪುರ ಸೀಮೆಗೂ ಸಮುದ್ರಕ್ಕೂ ನಡುವೆ ಸಹ್ಯಾದ್ರಿ ಅಡ್ಡ ಇದೆ. ಆದರೂ ಬಂದರಿನಲ್ಲಿ ಯಾರು ಎಷ್ಟು ಸುಂಕ ವಸೂಲಿ ಮಾಡುತ್ತಾರೆ ಎಂಬುದರ ಮೇಲೆ ಈ ಸೀಮೆಯ ಏಳುಬೀಳು ಐದು ಶತಮಾನಗಳಿಂದ ನಿಂತಿದೆ. ಆದಿಲ್‌ಶಾಹಿ ಕಾಲದಲ್ಲಿ ಅದು ಕುದುರೆಯ ಸುಂಕ. ಇಂಗ್ಲಿಷರ ಕಾಲದಲ್ಲಿ ಬಟ್ಟೆಯ ಸುಂಕ. ಅದರ ಪೆಟ್ಟು ತಿಂದದ್ದು ಹತ್ತಿ. ಇಂದು ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ದ್ರಾಕ್ಷಿ ಪಡಗಳಲ್ಲಿ ಮಾತು ಬರುವುದು ಒಣದ್ರಾಕ್ಷಿಯ, ಅಂದರೆ ಮನೂಕದ ಆಮದು ಸುಂಕದ ಮೇಲೆ.

ಹದಿನಾರನೆಯ ಶತಮಾನದ ದಖನ್ನಿನಲ್ಲಿ ಸೈನ್ಯವೆಂದರೆ ಕುದುರೆ. ಒಳ್ಳೆಯ ಕುದುರೆ ಈ ನೆಲದಲ್ಲಿ ಹುಟ್ಟುತ್ತಿರಲಿಲ್ಲ. ಅರೇಬಿಯ ಮತ್ತು ಪರ್ಷಿಯಾದಿಂದ ಹೊರ್ಮುಜ್ ಮಾರ್ಗವಾಗಿ ಹಡಗಿನಲ್ಲಿ ಬರಬೇಕಿತ್ತು. ಆದಿಲ್‌ಶಾಹಿಗಳ ಬಿಜಾಪುರಕ್ಕೆ (ಇಂದಿನ ವಿಜಯಪುರಕ್ಕೆ) ಅದಕ್ಕಾಗಿ ಗೋವೆಯೂ ದಾಭೋಳದಂಥ ಕೊಂಕಣದ ಬಂದರುಗಳೂ ಇದ್ದವು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಗೆದ್ದುಕೊಂಡಾಗ ಆದಿಲ್‌ಶಾಹಿ ಅರಸರು ಒಂದು ಊರನ್ನಷ್ಟೇ ಕಳೆದುಕೊಳ್ಳಲಿಲ್ಲ, ತಮ್ಮ ಲಾಯದ ಬಾಗಿಲನ್ನೇ ಕಳೆದುಕೊಂಡರು. ಪೋರ್ಚುಗೀಸರು ಕುದುರೆ ಹಡಗುಗಳೆಲ್ಲ ಗೋವೆಗೇ ಬರಬೇಕೆಂದು ಕಟ್ಟು ಮಾಡಿದರು. ಅವರ ಪರವಾನಗಿ ಚೀಟಿ ಇಲ್ಲದ ಹಡಗನ್ನು ನಡುನೀರಿನಲ್ಲೇ ಹಿಡಿಯುತ್ತಿದ್ದರು.

1567ರ ಸುಮಾರಿಗೆ ಈ ಕಡೆ ಓಡಾಡಿದ ವೆನಿಸ್ಸಿನ ವ್ಯಾಪಾರಿ ಸೆಸಾರೆ ಫೆದೆರಿಚಿ ಗೋವೆಯ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಇಪ್ಪತ್ತು ಕುದುರೆ ತಂದ ಹಡಗಿನ ಉಳಿದ ಸರಕಿಗೆ ಸುಂಕವಿಲ್ಲ. ಕುದುರೆ ತರದಿದ್ದರೆ ಸರಕಿನ ಮೇಲೆ ನೂರಕ್ಕೆ ಎಂಟು. ಕುದುರೆಯ ಸುಂಕವನ್ನು ಎಣಿಸುತ್ತಿದ್ದದ್ದು ಅದು ಹಡಗಿನಿಂದ ಇಳಿದಾಗಲ್ಲ, ಗೋವೆಯಿಂದ ಒಳನಾಡಿಗೆ ಹೊರಟಾಗ. ಈ ಏರ್ಪಾಡಿನ ಚಾತುರ್ಯ ಗಮನಿಸಬೇಕಾದದ್ದು. ತರುವವನಿಗೆ ರಿಯಾಯಿತಿ, ಕೊಳ್ಳುವವನ ತಲೆಯ ಮೇಲೆ ಭಾರ. ಹಣ ತೆರುತ್ತಿದ್ದದ್ದು ಘಟ್ಟದ ಮೇಲಿನ ಅರಸರು, ಕೊನೆಗೆ ಅವರಿಗೆ ಕಂದಾಯ ಕಟ್ಟುತ್ತಿದ್ದ ಎರೆ ಭೂಮಿಯ ಒಕ್ಕಲು.

ಸುಂಕ ಬರೀ ಬೊಕ್ಕಸದ ವಿಷಯವಾಗಿ ಉಳಿಯಲಿಲ್ಲ. 1547ರ ಸೆಪ್ಟೆಂಬರಿನಲ್ಲಿ ಪೋರ್ಚುಗೀಸ್ ಗವರ್ನರ್ ಜೊಆವ್ ದೆ ಕಾಸ್ತ್ರೊ ವಿಜಯನಗರದೊಂದಿಗೆ ಒಪ್ಪಂದ ಮಾಡಿಕೊಂಡ. ಗೋವೆಗೆ ಬಂದ ಕುದುರೆ ವಿಜಯನಗರಕ್ಕೇ ಹೋಗಬೇಕು, ಬಿಜಾಪುರಕ್ಕೆ ಸಿಗಕೂಡದು. ವಿಜಯನಗರದವರು ತಮ್ಮ ಬಟ್ಟೆ, ಕಬ್ಬಿಣ, ಪೆಟ್ಲುಪ್ಪನ್ನು ಬಿಜಾಪುರದ ಬಂದರುಗಳಿಗೆ ಕಳಿಸದೆ ಪೋರ್ಚುಗೀಸರಿಗೆ ಮುಟ್ಟಿಸಬೇಕು. ಶತ್ರುವನ್ನು ಕತ್ತಿಯಿಂದಲ್ಲದೆ ವ್ಯಾಪಾರದಿಂದ ಹಣಿಯುವ ಲೆಕ್ಕಾಚಾರ ಈ ಕರಾರಿನಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಅದು ನಡೆಯಲಿಲ್ಲ. 1565ರಲ್ಲಿ, ತಾಳಿಕೋಟೆಯ ಹೆಸರಿನಲ್ಲಿ ಪ್ರಸಿದ್ಧವಾದ ರಕ್ಕಸಗಿ-ತಂಗಡಗಿಯ ಕಾಳಗದಲ್ಲಿ ವಿಜಯನಗರ ಮುರಿದುಬಿತ್ತು. (ಈ ತಾಳಿಕೋಟೆ ಜಿಲ್ಲೆಯ ಪೂರ್ವ ಭಾಗದ್ದು, ಪಶ್ಚಿಮದ ತಿಕೋಟಾ ಬೇರೆ.) ಅತಿ ದೊಡ್ಡ ಗಿರಾಕಿಯೇ ಇಲ್ಲವಾದ ಮೇಲೆ ಗೋವೆಯ ಸುಂಕದ ಕಟ್ಟೆಯೂ ಬರಿದಾಯಿತು. ಕುದುರೆಯ ಆದಾಯ ಕುಸಿದುದನ್ನು ಪೋರ್ಚುಗೀಸ್ ಚರಿತ್ರೆಕಾರ ದಿಯೊಗೊ ದೊ ಕೂತೊ ಹೇಳಿಕೊಂಡಿದ್ದಾನೆ. 1570ರಲ್ಲಿ ಒಂದನೆಯ ಅಲಿ ಆದಿಲ್‌ಶಾಹ ಗೋವೆಗೆ ಮುತ್ತಿಗೆ ಹಾಕಿದ, ಗೆಲ್ಲಲಾಗದೆ ಮರುವರ್ಷ ಸಂಧಿ ಮಾಡಿಕೊಂಡ. ಬಂದರು ಕೊನೆಗೂ ಕೈಗೆ ಬರಲಿಲ್ಲ.

1686ರಲ್ಲಿ ಔರಂಗಜೇಬನಿಗೆ ಬಿಜಾಪುರ ಬಿದ್ದ ಮೇಲೆ ನಗರ ಬಹುಕಾಲ ಹಾಳುಸುರಿಯಿತು. ಇಂಗ್ಲಿಷರ ಆಡಳಿತ ನೆಲೆಯಾಗುವಷ್ಟರಲ್ಲಿ ಪ್ರಶ್ನೆಯೂ ಬದಲಾಗಿತ್ತು. 1830ರ ದಶಕದ ಕೊನೆಗೆ ಮುಂಬಯಿ ಪ್ರಾಂತ್ಯದಲ್ಲಿ ಒಳನಾಡಿನ ಸಾಗಣೆ ಸುಂಕಗಳು ರದ್ದಾದವು. ಊರಿಂದೂರಿಗೆ ಜಕಾತಿ ಕಟ್ಟುತ್ತ ಸಾಗುವ ಎತ್ತಿನ ಸಾಲುಗಳಿಗೆ ಇದರಿಂದ ಬಿಡುಗಡೆ ಸಿಕ್ಕಿತು ನಿಜ. ಅದೇ ದಾರಿಯಲ್ಲಿ ಲ್ಯಾಂಕಾಶೈರಿನ ಬಟ್ಟೆಯೂ ತಡೆಯಿಲ್ಲದೆ ಒಳಗೆ ಬಂತು. 1884ರಲ್ಲಿ ಹೊಟಗಿ-ಗದಗ ರೈಲು ಬಿಜಾಪುರದ ಮೂಲಕ ಓಡತೊಡಗಿತು, ಮರುವರ್ಷ ಜಿಲ್ಲೆಯ ಮುಖ್ಯ ಕಚೇರಿ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಹತ್ತಿಯ ಅಂಡಿಗೆಗಳು ಹೊಟಗಿ, ಸೊಲ್ಲಾಪುರ ದಾಟಿ ಮುಂಬಯಿ ಸೇರಿದವು; ಗಿರಣಿ ಬಟ್ಟೆ ಅದೇ ಹಳಿಯ ಮೇಲೆ ಮರಳಿ ಬಂತು.

ಬಟ್ಟೆಯ ಸುಂಕ ಆಗ ಲಂಡನ್ನಿನ ರಾಜಕಾರಣದ ಕೈಯಲ್ಲಿತ್ತು. 1882ರಲ್ಲಿ ಹತ್ತಿ ಬಟ್ಟೆಯ ಆಮದು ಸುಂಕ ತೆಗೆದುಹಾಕಿದರು. ಸರ್ಕಾರಕ್ಕೆ ಹಣದ ಮುಗ್ಗಟ್ಟಾದಾಗ 1894ರಲ್ಲಿ ನೂರಕ್ಕೆ 5ರಂತೆ ಮತ್ತೆ ಹೇರಿದರು. ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ಗದ್ದಲವೆಬ್ಬಿಸಿದರು. 1896ರಲ್ಲಿ ಆಮದು ಸುಂಕ 3.5ಕ್ಕೆ ಇಳಿಯಿತು, ಅಷ್ಟೇ ದರದ ಅಬಕಾರಿಯನ್ನು ಭಾರತದ ಗಿರಣಿ ಬಟ್ಟೆಯ ಮೇಲೂ ಹಾಕಲಾಯಿತು. ಇಲ್ಲಿನ ಸರಕಿಗೆ ರಕ್ಷಣೆ ಸಿಗದಿರಲಿ ಎಂದೇ ಹಾಕಿದ ಈ ತೆರಿಗೆ 1920ರ ದಶಕದ ನಡುವಿನವರೆಗೆ ಉಳಿದದ್ದು ವಸಾಹತು ಆಡಳಿತದ ದೊಡ್ಡ ಅನ್ಯಾಯಗಳಲ್ಲೊಂದು.

ಬಿಜಾಪುರದ ಒಕ್ಕಲಿಗನಿಗೆ ಇದಕ್ಕಿಂತ ನೇರವಾದ ಪೆಟ್ಟು ಬಿದ್ದದ್ದು 1930ರ ನಂತರ. ಆ ವರ್ಷದ ಜೂನ್ 17ರಂದು ಅಮೆರಿಕದಲ್ಲಿ ಸ್ಮೂಟ್-ಹಾಲಿ ಕಾಯಿದೆಗೆ ಸಹಿ ಬಿದ್ದು ಸಾವಿರಾರು ಸರಕುಗಳ ಸುಂಕ ಏರಿತು. ಉಳಿದ ದೇಶಗಳೂ ಸುಂಕದ ಗೋಡೆ ಎತ್ತಿದವು. 1929ರಿಂದ 1934ರೊಳಗೆ ಜಗತ್ತಿನ ವ್ಯಾಪಾರದ ಮೌಲ್ಯ ಸುಮಾರು ಮೂರನೆಯ ಒಂದು ಭಾಗಕ್ಕೆ ಕುಗ್ಗಿತು. ಇದಕ್ಕೆಲ್ಲ ಸುಂಕವೊಂದೇ ಕಾರಣವಲ್ಲ, ಮಹಾ ಆರ್ಥಿಕ ಕುಸಿತ ಮೊದಲೇ ಶುರುವಾಗಿತ್ತು. ಆದರೆ ಕುಸಿದವರು ಎದ್ದೇಳಲು ಇದ್ದ ದಾರಿಯನ್ನು ಈ ಗೋಡೆಗಳು ಮುಚ್ಚಿದವು. 1932ರಲ್ಲಿ ಒಟ್ಟಾವಾದಲ್ಲಿ ಸೇರಿದ ಬ್ರಿಟಿಷ್ ಸಾಮ್ರಾಜ್ಯದ ದೇಶಗಳು ತಮ್ಮತಮ್ಮೊಳಗೆ ರಿಯಾಯಿತಿ ಸುಂಕ ಗೊತ್ತುಮಾಡಿಕೊಂಡವು. ಅಗ್ಗದ ಜಪಾನಿ ಬಟ್ಟೆ ಭಾರತದ ಪೇಟೆ ತುಂಬುತ್ತಿದ್ದಾಗ 1933ರ ಜೂನಿನಲ್ಲಿ ಭಾರತ ಸರ್ಕಾರ ಬ್ರಿಟನ್ ಹೊರತಾದ ದೇಶಗಳ ಬಟ್ಟೆಯ ಸುಂಕವನ್ನು ನೂರಕ್ಕೆ 75ಕ್ಕೆ ಏರಿಸಿತು. ಮುಂಬಯಿಯ ಗಿರಣಿಗಳೂ ಲ್ಯಾಂಕಾಶೈರೂ ಉಸಿರು ಬಿಟ್ಟವು.

ಜಪಾನ್ ತಿರುಗೇಟು ಕೊಟ್ಟದ್ದು ಗಿರಣಿಗಳಿಗಲ್ಲ, ಹೊಲಗಳಿಗೆ. ಭಾರತದ ಕಚ್ಚಾ ಹತ್ತಿಗೆ ಆಗ ದೊಡ್ಡ ಗಿರಾಕಿ ಜಪಾನೇ. ಅಲ್ಲಿನ ನೂಲುಗಿರಣಿಗಳ ಸಂಘ ಭಾರತದ ಹತ್ತಿಯನ್ನು ಮುಟ್ಟುವುದಿಲ್ಲವೆಂದು ಬಹಿಷ್ಕಾರ ಹಾಕಿತು. ಕುಸಿತದಿಂದ ಮೊದಲೇ ನೆಲಕಚ್ಚಿದ್ದ ದರದ ಮೇಲೆ ಇನ್ನೊಂದು ಬರೆ ಬಿತ್ತು. ಎಲ್ಲೋ ಸಿಮ್ಲಾದಲ್ಲಿ ಬಟ್ಟೆಯ ಮೇಲೆ ಹಾಕಿದ ಸುಂಕದ ಬೆಲೆಯನ್ನು ಬಟ್ಟೆ ನೇಯದ, ಹತ್ತಿ ಬಿತ್ತಿದ ದಖನ್ನಿನ ರೈತ ತೆತ್ತ. ತಿಂಗಳುಗಟ್ಟಲೆ ಮಾತುಕತೆಯ ನಂತರ 1934ರಲ್ಲಿ ಭಾರತ-ಜಪಾನ್ ಒಪ್ಪಂದವಾಯಿತು: ಸುಂಕ ನೂರಕ್ಕೆ 50ಕ್ಕೆ ಇಳಿಯಿತು, ಜಪಾನ್ 10 ಲಕ್ಷ ಬೇಲ್ ಹತ್ತಿ ಕೊಂಡರೆ 32.5 ಕೋಟಿ ಗಜ ಬಟ್ಟೆ ಕಳಿಸಬಹುದು, 15 ಲಕ್ಷ ಬೇಲ್ ಕೊಂಡರೆ 40 ಕೋಟಿ ಗಜ. ಹತ್ತಿಗೂ ಬಟ್ಟೆಗೂ ಹೀಗೆ ಗಂಟು ಹಾಕಿದಾಗಲೇ ಬೆಳೆಗಾರನ ಹೆಸರು ಸುಂಕದ ಲೆಕ್ಕದೊಳಗೆ ಬಂದದ್ದು.

ಸ್ವಾತಂತ್ರ್ಯದ ನಂತರದ ನಾಲ್ಕು ದಶಕ ಆಮದು ನಡೆದದ್ದು ಬಹುಪಾಲು ಪರವಾನಗಿಯ ಮೇಲೆ. ಊರ ಬಾಯಿಯ ಜಕಾತಿ ಕಟ್ಟೆಗಳನ್ನು ಕರ್ನಾಟಕ 1979ರಲ್ಲಿ ತೆಗೆದು ಪ್ರವೇಶ ತೆರಿಗೆ ತಂದಿತು. ಈ ನಡುವೆ ಜಿಲ್ಲೆಯ ಬೆಳೆಯೇ ಬದಲಾಗುತ್ತಿತ್ತು. ತಾಸಗಾಂವ, ಸಾಂಗಲಿ, ಅಥಣಿ ಕಡೆಯಿಂದ ದ್ರಾಕ್ಷಿ ತಿಕೋಟಾ, ಬಬಲೇಶ್ವರದ ಮಡ್ಡಿ ನೆಲಕ್ಕೆ ಹಬ್ಬಿತು. ಕೊಳವೆಬಾವಿ ಬತ್ತಿದ ವರ್ಷ ಟ್ಯಾಂಕರ್ ನೀರು ಹೊಯ್ದು ಬಳ್ಳಿ ಉಳಿಸಿಕೊಂಡ ರೈತರ ನಾಡು ಇದು. ಈಚೆಗೆ ಕೃಷ್ಣೆಯಿಂದ ನೀರೆತ್ತುವ ತುಬಚಿ-ಬಬಲೇಶ್ವರ ಏತ ನೀರಾವರಿ ಮತ್ತು ಕೆರೆ ತುಂಬಿಸುವ ಯೋಜನೆಗಳು ಆ ಸಂಕಟವನ್ನು ಕಡಿಮೆ ಮಾಡಿವೆ. ರಾಜ್ಯದಲ್ಲಿ ದ್ರಾಕ್ಷಿ ಹೆಚ್ಚು ಬೆಳೆಯುವ ಜಿಲ್ಲೆ ವಿಜಯಪುರವೇ. ಇಲ್ಲಿ ಬೆಳೆಯುವ ತಳಿಗಳಲ್ಲಿ ಮುಖ್ಯವಾದ ಥಾಮ್ಸನ್ ಹೆಸರು ಪಡೆದದ್ದು ಹತ್ತೊಂಬತ್ತನೆಯ ಶತಮಾನದ ಕ್ಯಾಲಿಫೋರ್ನಿಯದ ಬೆಳೆಗಾರ ವಿಲಿಯಂ ಥಾಮ್ಸನ್ನನಿಂದ; ತಳಿಯ ಬೇರು ಪಶ್ಚಿಮ ಏಷ್ಯಾದ ಕಿಶ್‌ಮಿಶ್ ದ್ರಾಕ್ಷಿಯಲ್ಲಿದೆ. ಬಳ್ಳಿ ತವರಿನಿಂದ ಅಮೆರಿಕಕ್ಕೆ ಹೋಗಿ ಹೊಸ ಹೆಸರು ಹೊತ್ತು ಇಲ್ಲಿಗೆ ಬಂತು. ಇಂದು ಇಲ್ಲಿನ ಮನೂಕದೊಂದಿಗೆ ಪೈಪೋಟಿಗೆ ನಿಂತಿರುವವರಲ್ಲಿ ಆ ತವರಿನ ಕಡೆಯ ದೇಶಗಳೂ ಇವೆ, ಕ್ಯಾಲಿಫೋರ್ನಿಯವೂ ಇದೆ.

ಏಪ್ರಿಲ್ ಚಾಟ್ನಿಯಲ್ಲಿ, ಅಂದರೆ ಬಳ್ಳಿ ಸವರಿದ ಮೇಲೆ, ಕಡ್ಡಿ ಬಲಿಯುತ್ತದೆ, ಅಕ್ಟೋಬರ್ ಚಾಟ್ನಿಯಲ್ಲಿ ಹಣ್ಣು ಹಿಡಿಯುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಟಾವು. ಮನೂಕಕ್ಕೆಂದು ಕಿತ್ತ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಕೆಲ ನಿಮಿಷ ಅದ್ದುತ್ತಾರೆ. ಹಣ್ಣಿನ ಮೈಮೇಲಿನ ಮೇಣದ ಪೊರೆ ಸಡಿಲಾಗಿ ನೀರು ಬೇಗ ಆರಲು ಈ ಉಪಾಯ. ನಂತರ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹರಡುತ್ತಾರೆ. ನೆರಳಿರಬೇಕು, ಗಾಳಿಯಾಡಬೇಕು, ಬಿಸಿಲು ನೇರ ಬೀಳಬಾರದು. ಎರಡು ಮೂರು ವಾರದಲ್ಲಿ ಸುಮಾರು ನಾಲ್ಕು ಕಿಲೊ ಹಣ್ಣು ಒಂದು ಕಿಲೊ ಮನೂಕವಾಗುತ್ತದೆ. ಹಸಿರು ಬಣ್ಣ ಉಳಿದರೆ ಒಳ್ಳೆಯ ದರ. ನಡುವೆ ಅಕಾಲಿಕ ಮಳೆಯ ಹನಿ ಬಿದ್ದರೆ ಕಾಳು ಕಂದುತ್ತದೆ, ದರವೂ ಕಂದುತ್ತದೆ. ಮಾಲು ಶೀತಲಗೃಹ ಸೇರಿ, ಅಲ್ಲಿಂದ ವಿಜಯಪುರದ ಎಪಿಎಂಸಿ ಅಥವಾ ತಾಸಗಾಂವ, ಸಾಂಗಲಿಯ ಸವಾಲಿಗೆ (ಹರಾಜಿಗೆ) ಹೋಗುತ್ತದೆ. ಆ ಸವಾಲಿನಲ್ಲಿ ಖರೀದಿದಾರ ಕೂಗುವ ದರದ ಹಿಂದೆ ಆ ವಾರ ಯಾವ ಬಂದರಿಗೆ ಎಷ್ಟು ಹೊರದೇಶದ ಮಾಲು ಇಳಿಯಿತು ಎಂಬ ಲೆಕ್ಕವೂ ಇರುತ್ತದೆ.

2001ರ ಏಪ್ರಿಲ್ 1ಕ್ಕೆ ಭಾರತ ಆಮದಿನ ಪ್ರಮಾಣದ ಮೇಲಿದ್ದ ಉಳಿದ ನಿರ್ಬಂಧಗಳನ್ನು ಬಹುಪಾಲು ತೆಗೆಯಿತು. ಅಲ್ಲಿಂದ ಮುಂದೆ ಬೆಳೆಗಾರನಿಗೆ ಉಳಿದ ಕೋಟೆ ಸುಂಕವೊಂದೇ. ಇಂದು ಒಣದ್ರಾಕ್ಷಿಯ ಮೇಲಿನ ಸಾಮಾನ್ಯ ಆಮದು ಸುಂಕ ನೂರಕ್ಕೆ ನೂರು. ಹೊರಗಿನಿಂದ ನೋಡಿದವರಿಗೆ ಇದು ಏರಲಾಗದ ಗೋಡೆ. ಆದರೆ ಗೋಡೆಗೊಂದು ಬಾಗಿಲಿದೆ. 2003ರ ಮಾರ್ಚಿನಲ್ಲಿ ಭಾರತ ಅಫ್ಗಾನಿಸ್ತಾನದೊಂದಿಗೆ ಆದ್ಯತಾ ವ್ಯಾಪಾರ ಒಪ್ಪಂದ ಮಾಡಿಕೊಂಡು ಅಲ್ಲಿನ ಒಣಹಣ್ಣುಗಳೂ ಸೇರಿ 38 ಸರಕುಗಳಿಗೆ ಸುಂಕದಲ್ಲಿ ಅರ್ಧದಿಂದ ಪೂರ್ತಿಯವರೆಗೆ ರಿಯಾಯಿತಿ ಕೊಟ್ಟಿತು. 2007ರಲ್ಲಿ ಅಫ್ಗಾನಿಸ್ತಾನ ಸಾರ್ಕ್ ಸೇರಿತು. 2011ರಲ್ಲಿ ಮದ್ಯ, ತಂಬಾಕು ಬಿಟ್ಟು ಅಫ್ಗಾನ್ ಸರಕಿಗೆಲ್ಲ ಮೂಲ ಸುಂಕ ಮಾಫಿಯಾಯಿತು. ಯುದ್ಧದಿಂದ ಜರ್ಜರಿತವಾದ ನಾಡಿನ ರೈತನಿಗೆ ಪೇಟೆ ತೆರೆಯುವುದು ಒಳ್ಳೆಯ ಕೆಲಸವೇ. 2017ರಲ್ಲಿ ಕಾಬೂಲ್-ದೆಹಲಿ ವಿಮಾನ ಸರಕು ಮಾರ್ಗವೂ, ಆಮೇಲೆ ಇರಾನಿನ ಚಾಬಹಾರ್ ಬಂದರಿನ ದಾರಿಯೂ ತೆರೆದದ್ದು ಪಾಕಿಸ್ತಾನವನ್ನು ಬಿಟ್ಟು ಸುತ್ತುಬಳಸಿ ಹೋಗುವ ರಾಜತಂತ್ರದ ಭಾಗವಾಗಿ. ಆದರೆ ಆ ರಾಜತಂತ್ರದ ಖರ್ಚಿನಲ್ಲಿ ಒಂದು ಪಾಲು ತಿಕೋಟಾದ ಶೆಡ್ಡಿಗೆ ಬೀಳುತ್ತದೆ ಎಂಬುದನ್ನು ದೆಹಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.

ಬೆಳೆಗಾರರ ದೊಡ್ಡ ದೂರು ಇರುವುದು ಅಫ್ಗಾನ್ ಮಾಲಿನ ಮೇಲಲ್ಲ, ಆ ಹೆಸರು ಹೊತ್ತು ಬರುವ ಮಾಲಿನ ಮೇಲೆ. ಚೀನಾದ ಒಣದ್ರಾಕ್ಷಿ ಅಡ್ಡದಾರಿಯಲ್ಲಿ, ಸುಂಕ ತೆರದೆ ಒಳಬರುತ್ತಿದೆ ಎಂದು 2025ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಬೆಳೆಗಾರರು ದನಿ ಎತ್ತಿದರು. ಸುಂಕದ ದರ ನೂರಿದ್ದರೇನು, ಮೂಲದ ಪತ್ರವನ್ನು ಸರಿಯಾಗಿ ನೋಡುವವರಿಲ್ಲದಿದ್ದರೆ ಆ ನೂರು ಕಾಗದದಲ್ಲೇ ಉಳಿಯುತ್ತದೆ.

ನೆರೆಯವರ ಸುಂಕವೂ ಇಲ್ಲಿಗೆ ತಟ್ಟುತ್ತದೆ. ಭಾರತದ ತಾಜಾ ದ್ರಾಕ್ಷಿಗೆ ಬಾಂಗ್ಲಾದೇಶ ದೊಡ್ಡ ಪೇಟೆ. 2022ರಲ್ಲಿ ಅದು ತನ್ನ ವಿದೇಶಿ ವಿನಿಮಯ ಉಳಿಸಿಕೊಳ್ಳಲು ಹಣ್ಣುಗಳ ಮೇಲೆ ಹೆಚ್ಚುವರಿ ಸುಂಕ ಹಾಕಿತು. ತಾಜಾ ಹಣ್ಣು ಸಾಗದಿದ್ದರೆ ಅದು ಮನೂಕದ ಶೆಡ್ ಸೇರುತ್ತದೆ, ಶೆಡ್ ತುಂಬಿದರೆ ಮನೂಕದ ದರ ಇಳಿಯುತ್ತದೆ. 2020ರ ಲಾಕ್‌ಡೌನಿನಲ್ಲಿ ಆದದ್ದೂ ಇದೇ. ಒಳನಾಡಿನ ತೆರಿಗೆಯಲ್ಲಿ ಮಾತ್ರ ಒಂದು ಸಮಾಧಾನ ಸಿಕ್ಕಿತು: ರೈತ ತಾನೇ ಮಾರುವ ಒಣದ್ರಾಕ್ಷಿಗೆ ಜಿಎಸ್‌ಟಿ ಅನ್ವಯಿಸದೆಂದು 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿತು.

2025ರ ಏಪ್ರಿಲ್ 2ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಬಹುತೇಕ ಎಲ್ಲ ದೇಶಗಳ ಸರಕಿನ ಮೇಲೆ ಸುಂಕ ಸಾರಿದರು. ಭಾರತದ ಮೇಲಿನ ದರ ಆಗಸ್ಟ್ 7ಕ್ಕೆ ನೂರಕ್ಕೆ 25, ರಷ್ಯಾದ ತೈಲ ಕೊಳ್ಳುವ ನೆಪದಲ್ಲಿ ಆಗಸ್ಟ್ 27ಕ್ಕೆ 50 ಆಯಿತು. ವಿಜಯಪುರದ ಮನೂಕ ಬಹುಪಾಲು ದೇಶದೊಳಗೇ ಮಾರಾಟವಾಗುವುದರಿಂದ ಆ ಏಟು ತಿರುಪ್ಪೂರಿನ ಬಟ್ಟೆಗೆ, ಕರಾವಳಿಯ ಸಿಗಡಿಗೆ ಬಿದ್ದಂತೆ ಇಲ್ಲಿಗೆ ಬೀಳಲಿಲ್ಲ. ಇಲ್ಲಿಯ ಭಯ ಬೇರೆ. ಅಮೆರಿಕದ ವ್ಯಾಪಾರ ಪ್ರತಿನಿಧಿಯ ಕಚೇರಿ ವರ್ಷವರ್ಷ ಹೊರತರುವ ವರದಿಯಲ್ಲಿ, ಭಾರತದ ಅತಿ ಹೆಚ್ಚಿನ ಸುಂಕಗಳಿಗೆ ಉದಾಹರಣೆಯಾಗಿ ಕಾಫಿ, ಅಕ್ರೋಟಿನ ಜೊತೆ ಒಣದ್ರಾಕ್ಷಿಯ ಹೆಸರೂ ಇದೆ. ಅಂದರೆ ಚೌಕಾಶಿಯ ಮೇಜಿನ ಮೇಲೆ ಮನೂಕವೂ ಇತ್ತು. 1933ರಲ್ಲಿ ಬಟ್ಟೆಗಾಗಿ ಹತ್ತಿ ಪೆಟ್ಟು ತಿಂದಿತ್ತು. 2025ರಲ್ಲಿ ಬಟ್ಟೆ, ಸಿಗಡಿ, ವಜ್ರದ ಸುಂಕ ಇಳಿಸಿಕೊಳ್ಳಲು ಒಣಹಣ್ಣಿನ ಸುಂಕ ಬಿಟ್ಟುಕೊಡಬಹುದೆಂಬ ಆತಂಕಕ್ಕೆ ಕಾರಣವಿಲ್ಲದಿರಲಿಲ್ಲ. 2025ರ ಅಕ್ಟೋಬರ್ ಚಾಟ್ನಿಗೆ ತಿಕೋಟಾ, ಬಬಲೇಶ್ವರದ ಪಡಗಳಲ್ಲಿ ಕತ್ತರಿ ಬಿದ್ದಾಗ ಎರಡು ದೇಶಗಳ ಮಾತುಕತೆ ಇನ್ನೂ ಮುಗಿದಿರಲಿಲ್ಲ.